ಸಂಘದ ಪುಸ್ತಕದಿಂದ ಡೇಟಾಬೇಸ್‌ವರೆಗೆ: ನಾವು ಕಲಿತದ್ದು



ಈಗೀಗ ಬ್ಯಾಂಕಿಗೆ ಹೋದರೂ, ಪಂಚಾಯಿತಿಗೆ ಹೋದರೂ, ರೇಷನ್ ಅಂಗಡಿಗೆ ಹೋದರೂ ಒಂದು ಮಾತು ಕೇಳಿಬರ್ತದೆ. "ನಿಮ್ಮ ಹೆಸರು ಸಿಸ್ಟಮ್‌ನಲ್ಲಿ ಇಲ್ಲ", "ಸಿಸ್ಟಮ್‌ನಲ್ಲಿ ಬೇರೆಯೇ ತೋರಿಸ್ತದೆ." ಈ ಮಾತು ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಸುಮ್ಮನೆ ಮನೆಗೆ ವಾಪಸು ಬರುತ್ತೇವೆ. ಸಿಸ್ಟಮ್ ಅಂದ್ರೆ ಏನು, ಅದರೊಳಗೆ ನಮ್ಮ ಹೆಸರು ಎಲ್ಲಿ ಕೂತಿದೆ, ತಪ್ಪಿದ್ದರೆ ತಿದ್ದುವವರು ಯಾರು ಎಂದು ಕೇಳುವ ಧೈರ್ಯ ಬರುವುದಿಲ್ಲ.

ನಮ್ಮ ಒಕ್ಕೂಟದಲ್ಲಿ ಸಂಘಗಳ ಲೆಕ್ಕ ಬರೆಯುವ ನಾವು ಕೆಲವರು ಸೇರಿ ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಕಂಪ್ಯೂಟರ್ ಕಲಿಯಲು ಕೂತೆವು. ನಮ್ಮಲ್ಲಿ ಏಳನೇ ತರಗತಿ ಓದಿದವರಿದ್ದಾರೆ, ಪಿಯುಸಿ ಮಾಡಿದವರೂ ಇದ್ದಾರೆ. ಟೈಪಿಂಗ್ ಕಲಿತರೆ ಸಾಕು ಎಂದು ಹೋದವರಿಗೆ ಟೀಚರ್ ಡೇಟಾಬೇಸ್ ಎಂಬ ವಿಷಯ ತೆಗೆದರು. ಮೊದಲು ಹೆದರಿಕೆಯಾಯಿತು. ಆದರೆ ನಾಲ್ಕೈದು ವಾರ ಕಳೆಯುವಾಗ ಒಂದು ಸಂಗತಿ ಸ್ಪಷ್ಟವಾಯಿತು: ಇದು ನಾವು ವರ್ಷಗಳಿಂದ ಬರೆಯುತ್ತಾ ಬಂದ ಹಾಜರಿ ಪುಸ್ತಕ, ಉಳಿತಾಯ ಪುಸ್ತಕ, ಸಾಲದ ಖಾತೆಗಳೇ. ಕಂಪ್ಯೂಟರಿನಲ್ಲಿ ಅದಕ್ಕೆ ಕೆಲವು ನಿಯಮಗಳು ಬಿಗಿಯಾಗಿವೆ, ಅಷ್ಟೇ. ಆ ನಿಯಮಗಳು ಗೊತ್ತಾದರೆ ಸಿಸ್ಟಮ್‌ನ ಮುಂದೆ ನಿಂತು ಪ್ರಶ್ನೆ ಕೇಳಲು ಬರ್ತದೆ. ಆದ್ದರಿಂದ ನಾವು ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಡೇಟಾ ಎಂದರೇನು?

ಟೀಚರ್ ಕರಿಹಲಗೆಯ ಮೇಲೆ 250 ಎಂದು ಬರೆದು, "ಇದು ಏನು?" ಎಂದು ಕೇಳಿದರು. ಒಬ್ಬರು ಉಳಿತಾಯ ಎಂದರು, ಒಬ್ಬರು ಸಾಲದ ಕಂತು ಎಂದರು, ಇನ್ನೊಬ್ಬರು ಕಾಲು ಕಿಲೋ ಸಕ್ಕರೆ ಇರಬಹುದು ಎಂದರು. ಎಲ್ಲರೂ ನಕ್ಕೆವು. ಆದರೆ ಪಾಠ ಅಲ್ಲಿಯೇ ಇತ್ತು. ಬರೀ 250ಕ್ಕೆ ಅರ್ಥವಿಲ್ಲ. ಯಾರದ್ದು, ಯಾವ ತಾರೀಕಿನದ್ದು, ಯಾತಕ್ಕಾಗಿ ಎಂಬುದು ಜೊತೆಯಲ್ಲಿ ಇದ್ದರೆ ಮಾತ್ರ ಅದು ಮಾಹಿತಿ.

ಹೀಗೆ ಬಿಡಿಬಿಡಿಯಾಗಿರುವ ಅಂಕಿ, ಹೆಸರು, ತಾರೀಕುಗಳನ್ನು ಡೇಟಾ ಎನ್ನುತ್ತಾರೆ. ಕನ್ನಡದಲ್ಲಿ ದತ್ತಾಂಶ. ಬೇಕಾದಾಗ ಬೇಕಾದ್ದು ಸಿಗುವಂತೆ, ಒಂದಕ್ಕೊಂದು ಸಂಬಂಧ ಗೊತ್ತಾಗುವಂತೆ ಅವುಗಳನ್ನು ಜೋಡಿಸಿ ಇಡುವುದೇ ಡೇಟಾಬೇಸ್. ಕಂಪ್ಯೂಟರ್ ಇಲ್ಲದೆಯೂ ಜೋಡಿಸಿ ಇಡಬಹುದು. ಸಂಘದ ಪೆಟ್ಟಿಗೆಯಲ್ಲಿರುವ ಪುಸ್ತಕಗಳು ಒಂದು ರೀತಿಯ ಡೇಟಾಬೇಸೇ.

ಅಡ್ಡಸಾಲು ಮತ್ತು ಕಾಲಂ

ಉಳಿತಾಯ ಪುಸ್ತಕ ತೆರೆದು ನೋಡಿ. ಮೇಲೆ ತಲೆಬರಹಗಳು ಇರುತ್ತವೆ: ಹೆಸರು, ತಾರೀಕು, ಮೊತ್ತ. ಕೆಳಗೆ ಒಂದೊಂದು ಸಾಲಿನಲ್ಲಿ ಒಂದೊಂದು ಜಮೆ. ಡೇಟಾಬೇಸ್‌ನಲ್ಲಿಯೂ ಹೀಗೆಯೇ. ಇದನ್ನು ಟೇಬಲ್ ಅಥವಾ ಕೋಷ್ಟಕ ಎನ್ನುತ್ತಾರೆ. ಒಂದು ಅಡ್ಡಸಾಲು ಒಂದು ದಾಖಲೆ. ಒಂದು ಕಾಲಂ ಒಂದೇ ಬಗೆಯ ಮಾಹಿತಿ.

ವ್ಯತ್ಯಾಸ ಎಲ್ಲಿ ಅಂದ್ರೆ, ಪುಸ್ತಕದಲ್ಲಿ ಮೊತ್ತದ ಜಾಗದಲ್ಲಿ "ಮುಂದಿನ ವಾರ ಕೊಡ್ತಾರೆ" ಎಂದು ಬರೆದರೂ ಪುಸ್ತಕ ಸುಮ್ಮನಿರ್ತದೆ. ಡೇಟಾಬೇಸ್ ಸುಮ್ಮನಿರುವುದಿಲ್ಲ. ಮೊತ್ತದ ಕಾಲಂ ಅಂಕಿಗೆ ಮಾತ್ರ ಎಂದು ಮೊದಲೇ ಗೊತ್ತುಮಾಡಿದ್ದರೆ ಅಲ್ಲಿ ಅಕ್ಷರ ಬರೆಯಲು ಬಿಡುವುದಿಲ್ಲ. ತಾರೀಕಿನ ಕಾಲಂನಲ್ಲಿ ಫೆಬ್ರವರಿ 30 ಎಂದು ಹಾಕಿದರೆ ತಿರಸ್ಕರಿಸುತ್ತದೆ. 5-6 ಎಂದು ಬರೆದರೆ ಅದು ಜೂನ್ 5ನೇ ತಾರೀಕೋ, ಮೇ 6ನೇ ತಾರೀಕೋ ಎಂಬ ಗೊಂದಲ ಬಾರದಂತೆ ತಾರೀಕು ಬರೆಯುವ ಕ್ರಮವನ್ನೂ ಮೊದಲೇ ನಿಗದಿ ಮಾಡಬೇಕು. ಮೊಬೈಲ್ ಆ್ಯಪ್‌ನಲ್ಲಿ ಲೆಕ್ಕ ತುಂಬಿಸುವಾಗ ಕೆಂಪು ಅಕ್ಷರದಲ್ಲಿ "ಸರಿಯಾಗಿ ನಮೂದಿಸಿ" ಎಂದು ಬರುವುದು ಇದೇ ಕಾರಣಕ್ಕೆ.

ಸೊನ್ನೆ ಬೇರೆ, ಖಾಲಿ ಬೇರೆ

ನಮಗೆ ಬಹಳ ಇಷ್ಟವಾದ ಪಾಠ ಇದು. ಒಬ್ಬ ಸದಸ್ಯೆ ಸಭೆಗೆ ಬಂದಿದ್ದರು, ಆದರೆ ಆ ವಾರ ಉಳಿತಾಯ ಕಟ್ಟಲಿಲ್ಲ. ಇನ್ನೊಬ್ಬರು ಕಟ್ಟಿದರೋ ಇಲ್ಲವೋ ಗೊತ್ತೇ ಇಲ್ಲ, ಯಾಕಂದ್ರೆ ಆ ವಾರದ ಲೆಕ್ಕವೇ ಬರೆದಿಲ್ಲ. ನಮ್ಮ ಪುಸ್ತಕದಲ್ಲಿ ಎರಡಕ್ಕೂ ಒಂದು ಚಿಕ್ಕ ಗೆರೆ ಎಳೆದು ಬಿಡುತ್ತೇವೆ. ಆರು ತಿಂಗಳ ನಂತರ ನೋಡಿದರೆ ಆ ಗೆರೆಯ ಅರ್ಥ ಯಾರಿಗೂ ನೆನಪಿರುವುದಿಲ್ಲ.

ಡೇಟಾಬೇಸ್‌ನಲ್ಲಿ ಮೊದಲನೆಯದು ಸೊನ್ನೆ. ಎರಡನೆಯದು ಖಾಲಿ. ಅದಕ್ಕೆ ಅವರು ನಲ್ ಎಂದು ಹೆಸರು ಇಟ್ಟಿದ್ದಾರೆ. ಸೊನ್ನೆ ಎಂದರೆ ನಮಗೆ ಗೊತ್ತಿದೆ, ಹಣ ಬರಲಿಲ್ಲ ಎಂದು. ಖಾಲಿ ಎಂದರೆ ನಮಗೆ ಗೊತ್ತಿಲ್ಲ ಎಂದು. ಸರಾಸರಿ ತೆಗೆಯುವಾಗ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಖಾಲಿಯನ್ನು ಬಿಟ್ಟುಬಿಡುತ್ತದೆ. ನಾಲ್ಕು ವಾರದಲ್ಲಿ 50, 50, 50 ಮತ್ತು ಸೊನ್ನೆ ಇದ್ದರೆ ಸರಾಸರಿ 37 ರೂಪಾಯಿ 50 ಪೈಸೆ. 50, 50, 50 ಮತ್ತು ಖಾಲಿ ಇದ್ದರೆ ಸರಾಸರಿ 50 ರೂಪಾಯಿ. ಒಂದು ಸದಸ್ಯೆ ಕ್ರಮವಾಗಿ ಉಳಿತಾಯ ಮಾಡುತ್ತಾರೋ ಇಲ್ಲವೋ ಎಂಬ ಅಭಿಪ್ರಾಯವೇ ಇದರಿಂದ ಬದಲಾಗ್ತದೆ. ಕಾಗದದ ಪುಸ್ತಕದಲ್ಲಿಯೂ ಇನ್ನು ಮುಂದೆ ಗೆರೆ ಬೇಡ, ಸೊನ್ನೆಯಾದರೆ ಸೊನ್ನೆ ಎಂದೇ ಬರೆಯೋಣ.

ಹೆಸರು ಸಾಲದು, ಸಂಖ್ಯೆ ಬೇಕು

ಒಂದು ಸಂಘದಲ್ಲಿ ಇಬ್ಬರು ಲಕ್ಷ್ಮಿ, ಇಬ್ಬರು ಮೇರಿ ಇದ್ದಾರೆ ಎಂದಿಟ್ಟುಕೊಳ್ಳಿ. ಸಭೆಯಲ್ಲಿ ನಾವು ಗುಡ್ಡೆಮನೆ ಲಕ್ಷ್ಮಿಯಕ್ಕ, ಅಂಗಡಿ ಲಕ್ಷ್ಮಿಯಕ್ಕ ಎಂದು ಕರೆದು ಗುರುತಿಸುತ್ತೇವೆ. ಕಂಪ್ಯೂಟರಿಗೆ ಮುಖದ ಗುರುತಿಲ್ಲ. ಅದೂ ಅಲ್ಲದೆ ಒಂದೇ ಹೆಸರನ್ನು ಒಬ್ಬರು ಲಕ್ಷ್ಮೀ ಎಂದು, ಒಬ್ಬರು ಲಕ್ಷ್ಮಿ ಎಂದು, ಇನ್ನೊಬ್ಬರು ಲಕ್ಷ್ಮಮ್ಮ ಎಂದು ಬರೆದರೆ ಅದಕ್ಕೆ ಅವರು ಮೂವರು ಬೇರೆ ಬೇರೆ ಹೆಂಗಸರು. ಮದುವೆಯಾದ ಮೇಲೆ ಇನಿಷಿಯಲ್ ಬದಲಾದರೆ ಮತ್ತೊಬ್ಬರು.

ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಒಬ್ಬರದ್ದು ಇನ್ನೊಬ್ಬರಿಗೆ ಇರಬಾರದು, ಖಾಲಿಯೂ ಇರಬಾರದು. ಇದನ್ನು ಪ್ರೈಮರಿ ಕೀ ಎನ್ನುತ್ತಾರೆ. ನಮಗೆ ಇದು ಹೊಸದಲ್ಲ. ಜಮೀನನ್ನು ನಾವು ಬಾವಿಕೆರೆ ಪಕ್ಕದ ಗದ್ದೆ ಎಂದು ಕರೆದರೂ ಪಹಣಿಯಲ್ಲಿ ಅದು ಸರ್ವೆ ನಂಬರು ಮತ್ತು ಹಿಸ್ಸಾ ನಂಬರು. ಬರೀ ಸರ್ವೆ ನಂಬರು ಸಾಲದು, ಊರು, ಸರ್ವೆ, ಹಿಸ್ಸಾ ಎಲ್ಲವೂ ಸೇರಿದಾಗಲೇ ಒಂದು ತುಂಡು ಭೂಮಿ ಗೊತ್ತಾಗುವುದು. ಕರ್ನಾಟಕದಲ್ಲಿ ಭೂಮಿ ಯೋಜನೆಯಲ್ಲಿ 2000ನೇ ಇಸವಿಯ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದಾಗ ಈ ನಂಬರುಗಳೇ ಆಧಾರವಾದವು.

ಇಲ್ಲಿ ಎರಡು ಎಚ್ಚರಿಕೆ ಬೇಕು. ಒಂದು, ಸಂಘ ಬಿಟ್ಟುಹೋದ ಸದಸ್ಯೆಯ ಸಂಖ್ಯೆಯನ್ನು ಹೊಸಬರಿಗೆ ಕೊಡಬಾರದು. 7ನೇ ಸಂಖ್ಯೆಯವರು ಬಿಟ್ಟರೆ 7 ಹಾಗೆಯೇ ಇರಲಿ, ಹೊಸಬರಿಗೆ 16 ಕೊಡಿ. ಇಲ್ಲದಿದ್ದರೆ ಹಳೆಯವರ ಸಾಲ ಹೊಸಬರ ತಲೆಗೆ ಅಂಟಿಕೊಳ್ಳುತ್ತದೆ. ಎರಡು, ಆಧಾರ್ ಸಂಖ್ಯೆಯನ್ನೇ ಸದಸ್ಯೆ ಸಂಖ್ಯೆಯಾಗಿ ಬಳಸಬಾರದು. ಹಾಗೆ ಮಾಡಿದರೆ ಪ್ರತಿ ಹಾಳೆಯಲ್ಲಿ, ಪ್ರತಿ ಪಟ್ಟಿಯಲ್ಲಿ ಎಲ್ಲರ ಆಧಾರ್ ಸಂಖ್ಯೆ ಕಾಣಿಸುತ್ತದೆ. ಸಂಘದ ಒಳಗೆ ಬಳಸಲು 1, 2, 3 ಸಾಕು.

ಒಂದು ವಿಷಯ ಒಂದೇ ಕಡೆ

ಟೀಚರ್ ನಮಗೆ ಒಂದು ಲೆಕ್ಕ ಕೊಟ್ಟರು. 15 ಸದಸ್ಯೆಯರ ಸಂಘ, ವರ್ಷಕ್ಕೆ 52 ಸಭೆ. ಹೆಸರು, ಮನೆ, ಫೋನ್ ನಂಬರು, ತಾರೀಕು, ಉಳಿತಾಯ ಎಲ್ಲವನ್ನೂ ಒಂದೇ ದೊಡ್ಡ ಕೋಷ್ಟಕದಲ್ಲಿ ಬರೆದರೆ ಎಷ್ಟು ಸಾಲು ಆಗ್ತದೆ? 15ನ್ನು 52ರಿಂದ ಗುಣಿಸಿದರೆ 780 ಸಾಲು. ಅದರಲ್ಲಿ ಒಬ್ಬೊಬ್ಬರ ಫೋನ್ ನಂಬರು 52 ಸಲ. ಒಬ್ಬರು ಸಿಮ್ ಬದಲಿಸಿದರೆ 52 ಕಡೆ ತಿದ್ದಬೇಕು. 51 ಕಡೆ ತಿದ್ದಿ ಒಂದು ಕಡೆ ಬಿಟ್ಟುಹೋದರೆ ಯಾವುದು ಸರಿ, ಯಾವುದು ಹಳೆಯದು ಎಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಕೋಷ್ಟಕವನ್ನು ಒಡೆದು ಬರೆಯಬೇಕು. ನಾವು ಹಾಳೆಯ ಮೇಲೆ ಬರೆದ ನಾಲ್ಕು ಕೋಷ್ಟಕಗಳು ಹೀಗಿವೆ:

ಸದಸ್ಯೆಯರ ಕೋಷ್ಟಕ: ಸದಸ್ಯೆ ಸಂಖ್ಯೆ, ಹೆಸರು, ಮನೆ, ಫೋನ್, ಸೇರಿದ ತಾರೀಕು.

ಉಳಿತಾಯ ಕೋಷ್ಟಕ: ಸದಸ್ಯೆ ಸಂಖ್ಯೆ, ತಾರೀಕು, ಮೊತ್ತ.

ಸಾಲದ ಕೋಷ್ಟಕ: ಸಾಲ ಸಂಖ್ಯೆ, ಸದಸ್ಯೆ ಸಂಖ್ಯೆ, ಕೊಟ್ಟ ತಾರೀಕು, ಮೊತ್ತ, ಉದ್ದೇಶ.

ಮರುಪಾವತಿ ಕೋಷ್ಟಕ: ಸಾಲ ಸಂಖ್ಯೆ, ತಾರೀಕು, ಅಸಲು, ಬಡ್ಡಿ.

ಈಗ ಫೋನ್ ನಂಬರು ಒಂದೇ ಕಡೆ ಇದೆ. ಬದಲಾದರೆ ಒಮ್ಮೆ ತಿದ್ದಿದರೆ ಮುಗಿಯಿತು. ಮರುಪಾವತಿಯಲ್ಲಿ ಸದಸ್ಯೆ ಸಂಖ್ಯೆ ಯಾಕಿಲ್ಲ ಎಂದು ನಮಗೂ ಸಂಶಯ ಬಂದಿತ್ತು. ಒಬ್ಬ ಸದಸ್ಯೆ ದನ ಕೊಳ್ಳಲು ಒಂದು ಸಾಲ, ಮನೆ ರಿಪೇರಿಗೆ ಇನ್ನೊಂದು ಸಾಲ ತೆಗೆದಿರಬಹುದು. ಕಟ್ಟಿದ ಹಣ ಯಾವ ಸಾಲಕ್ಕೆ ಎಂಬುದು ಸಾಲ ಸಂಖ್ಯೆಯಿಂದ ಮಾತ್ರ ಗೊತ್ತಾಗುತ್ತದೆ. ಸಾಲ ಸಂಖ್ಯೆ ಗೊತ್ತಾದರೆ ಅದು ಯಾರ ಸಾಲ ಎಂದು ಸಾಲದ ಕೋಷ್ಟಕ ಹೇಳುತ್ತದೆ, ಅವರ ಹೆಸರನ್ನು ಸದಸ್ಯೆಯರ ಕೋಷ್ಟಕ ಹೇಳುತ್ತದೆ.

ಕೋಷ್ಟಕಗಳನ್ನು ಹೀಗೆ ಸಂಖ್ಯೆಯ ಮೂಲಕ ಜೋಡಿಸುವುದರಿಂದ ಇನ್ನೊಂದು ಲಾಭವಿದೆ. ಸದಸ್ಯೆಯರ ಕೋಷ್ಟಕದಲ್ಲಿ ಇಲ್ಲದ 21ನೇ ಸಂಖ್ಯೆಗೆ ಸಾಲ ಬರೆಯಲು ಹೋದರೆ "ಇಂಥ ಸದಸ್ಯೆ ಇಲ್ಲ" ಎಂದು ಡೇಟಾಬೇಸ್ ತಡೆಯುವಂತೆ ಮಾಡಬಹುದು. ಇಲ್ಲದವರ ಹೆಸರಿನಲ್ಲಿ ಸಾಲ ತೋರಿಸುವುದು ಇದರಿಂದ ಕಷ್ಟವಾಗುತ್ತದೆ.

ಈ ಕ್ರಮವನ್ನು ಜಗತ್ತಿಗೆ ಕೊಟ್ಟವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದವರು. ಅದಕ್ಕೆ ಮೊದಲು ಮಾಹಿತಿ ಕಂಪ್ಯೂಟರಿನ ಒಳಗೆ ಯಾವ ದಾರಿಯಲ್ಲಿ, ಎಲ್ಲಿ ಇದೆ ಎಂದು ಗೊತ್ತಿದ್ದವರು ಮಾತ್ರ ಅದನ್ನು ಹುಡುಕಿ ತೆಗೆಯಬಹುದಿತ್ತು. ಇಟ್ಟವರಿಗೆ ಮಾತ್ರ ಡಬ್ಬದ ಜಾಗ ಗೊತ್ತಿರುವ ಅಡಿಗೆಮನೆಯ ಹಾಗೆ. 1970ರಲ್ಲಿ ಕಾಡ್ ಬರೆದ ಲೇಖನದಲ್ಲಿ, ಮಾಹಿತಿಯನ್ನು ಸರಳ ಕೋಷ್ಟಕಗಳಾಗಿ ಇಡೋಣ, ಏನು ಬೇಕು ಎಂದು ಕೇಳಿದರೆ ಸಾಕು, ಎಲ್ಲಿದೆ ಎಂದು ಹುಡುಕುವ ಕೆಲಸ ಯಂತ್ರಕ್ಕಿರಲಿ ಎಂಬ ವಿಚಾರ ಮುಂದಿಟ್ಟರು. ಇವತ್ತು ಬ್ಯಾಂಕು, ರೈಲ್ವೆ, ಆಸ್ಪತ್ರೆ ಎಲ್ಲ ಕಡೆಯೂ ಹೆಚ್ಚಾಗಿ ಇದೇ ಪದ್ಧತಿ.

ಪ್ರಶ್ನೆ ಕೇಳುವ ಭಾಷೆ

ಡೇಟಾಬೇಸ್‌ಗೆ ಪ್ರಶ್ನೆ ಕೇಳಲು ಒಂದು ಭಾಷೆ ಇದೆ, ಅದರ ಹೆಸರು ಎಸ್‌ಕ್ಯೂಎಲ್. 1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇದನ್ನು ಮೊದಲು ಪ್ರಕಟಿಸಿದರು. ಇಂಗ್ಲಿಷ್ ಅಷ್ಟಾಗಿ ಬಾರದ ನಮಗೂ ಅದರ ಮೂರು ಶಬ್ದ ಕಲಿಯಲು ಒಂದು ಮಧ್ಯಾಹ್ನ ಸಾಕಾಯಿತು. ಸೆಲೆಕ್ಟ್ ಎಂದರೆ ಯಾವ ಕಾಲಂ ಬೇಕು. ಫ್ರಮ್ ಎಂದರೆ ಯಾವ ಕೋಷ್ಟಕದಿಂದ. ವೇರ್ ಎಂದರೆ ಯಾವ ಷರತ್ತಿಗೆ ಹೊಂದುವ ಸಾಲುಗಳು. "ಹೆಸರು ಬೇಕು, ಸದಸ್ಯೆಯರ ಕೋಷ್ಟಕದಿಂದ, 2020ರ ನಂತರ ಸೇರಿದವರದ್ದು" ಎಂದು ಕೇಳಿದರೆ ಕೂಡಲೇ ಪಟ್ಟಿ ಬರ್ತದೆ.

ಇಲ್ಲಿ ನಮಗೆ ಅರ್ಥವಾದದ್ದು ಏನಂದ್ರೆ, ಲೆಕ್ಕ ಹಾಕಿ ತೆಗೆಯಬಹುದಾದದ್ದನ್ನು ಬರೆದು ಇಡಬೇಕಾಗಿಲ್ಲ. ನಮ್ಮ ಸಾಲದ ಖಾತೆಯಲ್ಲಿ ಬಾಕಿ ಎಂಬ ಕಾಲಂ ಇರುತ್ತದೆ. ಒಂದು ತಿಂಗಳು ಬಾಕಿ ತಪ್ಪಾಗಿ ಬರೆದರೆ ಮುಂದಿನ ಎಲ್ಲ ತಿಂಗಳೂ ತಪ್ಪು ಮುಂದುವರಿಯುತ್ತದೆ. ಡೇಟಾಬೇಸ್‌ನಲ್ಲಿ ಕೊಟ್ಟ ಸಾಲ ಮತ್ತು ಕಟ್ಟಿದ ಕಂತು ಮಾತ್ರ ಇಟ್ಟು, ಬಾಕಿಯನ್ನು ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಿಸಬಹುದು. ಸಾಲ 10,000 ರೂಪಾಯಿ. ಅಸಲಿಗೆ 1,000ದಂತೆ ನಾಲ್ಕು ಕಂತು ಬಂದಿದೆ. ಬಾಕಿ 6,000. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಾದರೆ ಈ ತಿಂಗಳ ಬಡ್ಡಿ 60 ರೂಪಾಯಿ. ಮೊದಲ ಸಾಲದ ಮೊತ್ತದ ಮೇಲೆಯೇ ಬಡ್ಡಿ ಹಾಕಿದರೆ 100 ರೂಪಾಯಿ ಆಗುತ್ತಿತ್ತು. ನಿಮ್ಮ ಖಾತೆಯಲ್ಲಿ ಯಾವ ರೀತಿ ಹಾಕುತ್ತಾರೆ ಎಂದು ಕೇಳಿ ನೋಡಿ.

ಎರಡೂ ಆಗಬೇಕು, ಇಲ್ಲವೇ ಎರಡೂ ಬೇಡ

ಸಂಘದಲ್ಲಿ 5,000 ರೂಪಾಯಿ ಸಾಲ ಕೊಟ್ಟರೆ ಎರಡು ಕಡೆ ಬರೆಯಬೇಕು. ನಗದು ಪುಸ್ತಕದಲ್ಲಿ 5,000 ಖರ್ಚು, ಸಾಲದ ಖಾತೆಯಲ್ಲಿ 5,000 ಸಾಲ. ಒಂದು ಕಡೆ ಬರೆದು ಅಷ್ಟರಲ್ಲಿ ಯಾರೋ ಕರೆದರು ಎಂದು ಎದ್ದುಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಒಳ್ಳೆಯ ಡೇಟಾಬೇಸ್ ಇಂಥ ಜೋಡಿ ಕೆಲಸವನ್ನು ಒಂದೇ ಗಂಟಾಗಿ ಕಟ್ಟುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಆದದ್ದನ್ನು ಪೂರ್ತಿ ರದ್ದುಮಾಡಿ ಮೊದಲಿನ ಸ್ಥಿತಿಗೆ ತರುತ್ತದೆ. ಇದಕ್ಕೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಒಂದು ಬ್ಯಾಂಕಿನೊಳಗೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಣ ಹೋಗುವಾಗ ಒಬ್ಬರಿಂದ ಕಳೆದು ಇನ್ನೊಬ್ಬರಿಗೆ ಸೇರದೆ ಉಳಿಯಬಾರದು ಎಂದು ಕಾಯುವುದು ಈ ನಿಯಮವೇ.

ಕಂಪ್ಯೂಟರಿಗೆ ಗೊತ್ತಿಲ್ಲದ್ದು

ಇಷ್ಟೆಲ್ಲ ಬಿಗಿ ಇದ್ದರೂ ಒಂದು ವಿಷಯ ಕಂಪ್ಯೂಟರಿಗೆ ಎಂದೂ ಗೊತ್ತಾಗುವುದಿಲ್ಲ. ಸದಸ್ಯೆ ಕಟ್ಟಿದ್ದು 500 ರೂಪಾಯಿ, ತುಂಬಿಸಿದ್ದು 50 ಎಂದಾದರೆ ಅದು ಒಪ್ಪಿಕೊಳ್ಳುತ್ತದೆ. ಯಾಕಂದ್ರೆ 50 ಕೂಡ ಸರಿಯಾದ ಅಂಕಿಯೇ. ನಿಜವಾಗಿ ಎಷ್ಟು ಕೈಬದಲಾಯಿತು ಎಂಬುದು ಆ ದಿನ ಚಾಪೆಯ ಮೇಲೆ ಕೂತಿದ್ದ 15 ಹೆಂಗಸರಿಗೆ ಮಾತ್ರ ಗೊತ್ತು.

ಅದಕ್ಕೆ ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಬಿಡಬಾರದು. ಹೆಬ್ಬೆಟ್ಟು ಒತ್ತುವ ಅಜ್ಜಿಗೂ ತನ್ನ ಮೊತ್ತ ಕಿವಿಗೆ ಬೀಳಬೇಕು. ಆ್ಯಪ್‌ಗೆ ಹಾಕುವವರು ಯಾರೇ ಆಗಲಿ, ಹಾಕಿದ ಮೇಲೆ ಮುಂದಿನ ಸಭೆಯಲ್ಲಿ ಅದನ್ನು ತೋರಿಸಿ ಪುಸ್ತಕದೊಂದಿಗೆ ಹೋಲಿಸಬೇಕು. ತಪ್ಪು ಕಂಡರೆ ವೈಟ್‌ನರ್ ಹಚ್ಚದೆ, ಹಳೆಯದು ಕಾಣುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಒಳ್ಳೆಯ ಡೇಟಾಬೇಸ್‌ನಲ್ಲಿಯೂ ಯಾರು, ಯಾವಾಗ, ಏನು ಬದಲಿಸಿದರು ಎಂಬ ದಾಖಲೆ ಉಳಿಯುವಂತೆ ಏರ್ಪಾಡು ಮಾಡುತ್ತಾರೆ.

ನಮ್ಮ ಹೆಸರು ಎಲ್ಲೆಲ್ಲಿ ಇದೆ?

1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಪ್ರಾಯೋಗಿಕವಾಗಿ ಆರಂಭಿಸಿದಾಗ ಬ್ಯಾಂಕಿನವರು ನೋಡುತ್ತಿದ್ದದ್ದು ಸಂಘದ ಪುಸ್ತಕವನ್ನೇ. 2015ರಲ್ಲಿ ಅದೇ ನಬಾರ್ಡ್ ಇ-ಶಕ್ತಿ ಎಂಬ ಯೋಜನೆಯಲ್ಲಿ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ತೊಡಗಿತು. ಮೊದಲು ಜಾರ್ಖಂಡಿನ ರಾಮಗಢ ಮತ್ತು ಮಹಾರಾಷ್ಟ್ರದ ಧುಲೆ ಜಿಲ್ಲೆಗಳಲ್ಲಿ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಸಂಘಗಳಿಗೆ ಲೋಕೋಸ್ ಎಂಬ ಆ್ಯಪ್ ಇದೆ. ನಮ್ಮ ರಾಜ್ಯದಲ್ಲಿ ಈ ಅಭಿಯಾನ ಸಂಜೀವಿನಿ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಇದಲ್ಲದೆ ಸಾಲದ ಇತಿಹಾಸ ಇಡುವ ಕಂಪೆನಿಗಳಿವೆ. ಭಾರತದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು. ಬ್ಯಾಂಕುಗಳು, ಮೈಕ್ರೋಫೈನಾನ್ಸ್ ಕಂಪೆನಿಗಳು ಕೊಟ್ಟ ಸಾಲದ ಮಾಹಿತಿ ಇಲ್ಲಿ ಸೇರುತ್ತದೆ. ಸ್ವಸಹಾಯ ಸಂಘದ ಸದಸ್ಯೆಯರ ಮಾಹಿತಿಯೂ ಇವರಿಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಅಂದ್ರೆ ಕಂತು ಕಟ್ಟಿದ್ದು, ಬಿಟ್ಟದ್ದು ಎಲ್ಲವೂ ನಾವು ನೋಡದ ಒಂದು ಕೋಷ್ಟಕದಲ್ಲಿ ಇರಬಹುದು.

ನಮ್ಮ ಒಕ್ಕೂಟದ ಒಬ್ಬ ಸದಸ್ಯೆ ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಲು ಹೋದಾಗ, "ನಿಮ್ಮ ಹಳೆಯ ಸಾಲ ಬಾಕಿ ತೋರಿಸ್ತದೆ" ಎಂದು ಹಿಂದೆ ಕಳಿಸಿದರು. ಆ ಸಾಲವನ್ನು ಅವರು ಎರಡು ವರ್ಷ ಮೊದಲೇ ತೀರಿಸಿದ್ದರು. ಸಾಲ ಕೊಟ್ಟಿದ್ದ ಸಂಸ್ಥೆ ಅದನ್ನು ಮುಗಿದಿದೆ ಎಂದು ತಿಳಿಸಿರಲಿಲ್ಲ, ಅಷ್ಟೇ. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಇನ್ನೂ ಸಾಲಗಾರ್ತಿ. ಪುಣ್ಯಕ್ಕೆ ಕೊನೆಯ ಕಂತಿನ ರಸೀದಿಯನ್ನು ಅವರು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದರ ಪ್ರತಿಯೊಂದಿಗೆ ಬರೆದುಕೊಟ್ಟ ಮೇಲೆ ತಿದ್ದುಪಡಿ ಆಗಲು ಸುಮಾರು ಒಂದು ತಿಂಗಳು ಹಿಡಿಯಿತು. ಆದರೆ ಕಾಲೇಜಿನ ಫೀಸು ಕಟ್ಟುವ ಕೊನೆಯ ದಿನ ಅದರ ನಡುವೆಯೇ ಇತ್ತು. ಸಂಘದವರು ಆಂತರಿಕ ಸಾಲ ಕೊಟ್ಟು ಆ ಹುಡುಗಿಯ ಸೀಟು ಉಳಿಸಿದರು. ರಸೀದಿ ಇಲ್ಲದಿರುತ್ತಿದ್ದರೆ, ಸಂಘದಲ್ಲಿ ಹಣ ಇಲ್ಲದಿರುತ್ತಿದ್ದರೆ ಏನಾಗುತ್ತಿತ್ತು ಎಂದು ನಾವು ಯೋಚಿಸಿದೆವು. ಒಂದು ಕೋಷ್ಟಕದ ಒಂದು ಸಾಲು ಒಂದು ಹೆಣ್ಣುಮಗಳ ಓದನ್ನು ತಡೆಯಬಹುದಾಗಿತ್ತು.

ನಮಗೆ ಇರುವ ಹಕ್ಕುಗಳು

ಮೇಲೆ ಹೇಳಿದ ಪ್ರತಿಯೊಂದು ಕಂಪೆನಿಯಿಂದಲೂ ವರ್ಷಕ್ಕೆ ಒಂದು ಸಲ ನಮ್ಮ ಸಾಲದ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯಬಹುದು. 2017ರಿಂದ ಈ ವ್ಯವಸ್ಥೆ ಇದೆ. ಹಣ ಕೊಡಬೇಕು ಎಂದು ಹೇಳುವ ಮಧ್ಯವರ್ತಿಗಳನ್ನು ನಂಬಬೇಡಿ.

ತಪ್ಪು ಕಂಡರೆ ಆ ಕಂಪೆನಿಗೂ, ಸಾಲ ಕೊಟ್ಟ ಸಂಸ್ಥೆಗೂ ದೂರು ಕೊಡಬಹುದು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರು ಕೊಟ್ಟವರಿಗೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಬರೆದುಕೊಟ್ಟ ದೂರಿನ ಪ್ರತಿಯಲ್ಲಿ ತಾರೀಕು, ಸೀಲು ಹಾಕಿಸಿಕೊಳ್ಳಿ. ಅಷ್ಟಾದರೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ದೂರು ಕೊಡುವುದು ಹೇಗೆ ಎಂದು 14448ಕ್ಕೆ ಫೋನ್ ಮಾಡಿ ಕೇಳಬಹುದು.

ಸಾಲ ತೀರಿದ ದಿನವೇ ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆಯಿರಿ. ಅದನ್ನು ರೇಷನ್ ಕಾರ್ಡಿನ ಹಾಗೆ ಜೋಪಾನ ಮಾಡಿ.

ಇನ್ನು ಮಾಹಿತಿಯ ಗುಟ್ಟಿನ ವಿಷಯ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿದೆ, ಅದನ್ನು ಹಂತಹಂತವಾಗಿ ಜಾರಿಗೊಳಿಸುವ ಕ್ರಮ ಇಟ್ಟುಕೊಂಡಿದ್ದಾರೆ. ನಮ್ಮ ಮಾಹಿತಿ ಯಾಕೆ ಬೇಕು ಎಂದು ತಿಳಿಸಿ ಒಪ್ಪಿಗೆ ಪಡೆಯುವುದು, ತಪ್ಪಿದ್ದರೆ ತಿದ್ದಿಸಿಕೊಳ್ಳುವ ಹಕ್ಕು ನಮಗಿರುವುದು ಅದರ ಮುಖ್ಯ ಅಂಶಗಳು. ಆದ್ದರಿಂದ ಸರ್ವೆಗೆ ಬಂದವರು ಫೋಟೋ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ ಕೇಳಿದರೆ "ಇದು ಯಾತಕ್ಕೆ? ಎಲ್ಲಿ ಇಡ್ತೀರಿ? ಯಾರು ನೋಡ್ತಾರೆ?" ಎಂದು ಕೇಳೋಣ. ಫೋನಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬಾರದು, ಪರಿಚಯದವರಾದರೂ ಸರಿ. ಸಂಘದ ಕೋಷ್ಟಕದಲ್ಲಿಯೂ ಕೆಲಸಕ್ಕೆ ಬೇಕಾದದ್ದನ್ನು ಮಾತ್ರ ಬರೆಯೋಣ. ಒಬ್ಬರ ಕಾಯಿಲೆ, ಮನೆಯ ಜಗಳದ ವಿಷಯ ಸಾಲದ ಉದ್ದೇಶದ ಕಾಲಂನಲ್ಲಿ ಬರಬೇಕಾಗಿಲ್ಲ.

ಕಲಿಯಬೇಕೆಂದು ಇರುವವರಿಗೆ

ಕಂಪ್ಯೂಟರ್ ಬೇಕೆಂದು ಕಾಯುತ್ತಾ ಕೂರಬೇಡಿ. ಮೊದಲು ಹಾಳೆ, ಸ್ಕೇಲು, ಪೆನ್ಸಿಲ್ ಸಾಕು. ಸಂಘದ ಒಂದು ತಿಂಗಳ ಲೆಕ್ಕವನ್ನು ಮೇಲೆ ಹೇಳಿದ ನಾಲ್ಕು ಕೋಷ್ಟಕಗಳಲ್ಲಿ ಬರೆದು ನೋಡಿ. ಪಕ್ಕದಲ್ಲಿ ಕೂತವರು ಪ್ರಶ್ನೆ ಕೇಳಲಿ: "3ನೇ ಸಂಖ್ಯೆಯವರ ಬಾಕಿ ಎಷ್ಟು? ಈ ತಿಂಗಳು ಯಾರು ಕಂತು ಕಟ್ಟಿಲ್ಲ?" ಉತ್ತರಕ್ಕಾಗಿ ಯಾವ ಕೋಷ್ಟಕದಿಂದ ಯಾವ ಕೋಷ್ಟಕಕ್ಕೆ ಬೆರಳು ಹೋಗುತ್ತದೆ ಎಂದು ಗಮನಿಸಿ. ಇಷ್ಟು ಬಂದರೆ ಡೇಟಾಬೇಸ್‌ನ ಮುಖ್ಯ ಪಾಠ ಬಂದ ಹಾಗೆ.

ಆಮೇಲೆ ಕಂಪ್ಯೂಟರಿನಲ್ಲಿ ಎಕ್ಸೆಲ್‌ನಂಥ ಹಾಳೆ ಕಲಿಯಬಹುದು. ನೋಡಲು ಅದೂ ಕೋಷ್ಟಕವೇ, ಆದರೆ ನಾವಾಗಿ ನಿಯಮ ಹಾಕದಿದ್ದರೆ ಯಾವ ಮನೆಯಲ್ಲಿ ಏನು ಬರೆದರೂ ಒಪ್ಪಿಕೊಳ್ಳುತ್ತದೆ. ಡೇಟಾಬೇಸ್‌ನ ಬಿಗಿ ಅದಕ್ಕಿಲ್ಲ. ನಂತರ ಲಿಬ್ರೆಆಫೀಸ್ ಬೇಸ್‌ನಂಥ ಉಚಿತ ತಂತ್ರಾಂಶದಲ್ಲಿ ಕೋಷ್ಟಕ ಕಟ್ಟಬಹುದು. ನಮಗೆ ಆಶ್ಚರ್ಯವಾದ ಇನ್ನೊಂದು ಸಂಗತಿ: ಡೇಟಾಬೇಸ್ ಈಗಾಗಲೇ ನಮ್ಮ ಕೈಯಲ್ಲಿದೆ. ಆಂಡ್ರಾಯ್ಡ್ ಫೋನಿನಲ್ಲಿ ನಾವು ಸೇವ್ ಮಾಡಿದ ಹೆಸರು, ನಂಬರುಗಳು ಕೂತಿರುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ. 2000ನೇ ಇಸವಿಯಲ್ಲಿ ಬಂದ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಕಂಪ್ಯೂಟರಿಗೆ ಹಾಕಿದ ಮೇಲೆ ಪುಸ್ತಕ ಬಿಟ್ಟುಬಿಡಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ. ಸಂಘದ ಪಂಚಸೂತ್ರಗಳಲ್ಲಿ ಪುಸ್ತಕ ಬರವಣಿಗೆಯೂ ಒಂದು. ಫೋನು ಕೆಟ್ಟರೆ, ಆ್ಯಪ್ ತೆರೆಯದಿದ್ದರೆ, ಯಾರಾದರೂ "ಸಿಸ್ಟಮ್‌ನಲ್ಲಿ ಬೇರೆ ತೋರಿಸ್ತದೆ" ಎಂದರೆ, ಎಲ್ಲರ ಸಹಿ ಇರುವ ಪುಸ್ತಕವೇ ನಮ್ಮ ಸಾಕ್ಷಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಲೆಕ್ಕವನ್ನು ಈಗ ಯಾವ ಆ್ಯಪ್‌ಗೆ, ಯಾರು ಹಾಕುತ್ತಿದ್ದಾರೆ? ಹಾಕಿದ್ದನ್ನು ನಾವು ಕೊನೆಯ ಸಲ ನೋಡಿದ್ದು ಯಾವಾಗ?

2. ಪ್ರತಿ ಸದಸ್ಯೆಗೂ ಬದಲಾಗದ ಒಂದು ಸಂಖ್ಯೆ ಇದೆಯೇ? ಬಿಟ್ಟುಹೋದವರ ಸಂಖ್ಯೆಯನ್ನು ಬೇರೆಯವರಿಗೆ ಕೊಟ್ಟಿದ್ದೇವೆಯೇ?

3. ಆಧಾರ್, ಪಾಸ್ ಪುಸ್ತಕ, ರೇಷನ್ ಕಾರ್ಡ್ ಮೂರರಲ್ಲಿಯೂ ನಮ್ಮ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ? ಮುಂದಿನ ಸಭೆಗೆ ಎಲ್ಲರೂ ತಂದು ಹೋಲಿಸಿ ನೋಡೋಣ.

4. ತೀರಿಸಿದ ಸಾಲಗಳಿಗೆ ಬಾಕಿ ಇಲ್ಲ ಎಂಬ ಪತ್ರ ಯಾರ ಬಳಿ ಇದೆ, ಯಾರ ಬಳಿ ಇಲ್ಲ? ಇಲ್ಲದವರು ಯಾವಾಗ ಹೋಗಿ ಕೇಳುವುದು, ಜೊತೆಗೆ ಯಾರು ಹೋಗುವುದು?

5. ನಮ್ಮ ಸಂಘದಿಂದ ಲೆಕ್ಕದ ಕಂಪ್ಯೂಟರ್ ಕೆಲಸ ಕಲಿಯಲು ಇಬ್ಬರನ್ನು ಆರಿಸುವುದಾದರೆ ಯಾರು? ಒಬ್ಬರೇ ಕಲಿತರೆ ಅವರಿಲ್ಲದ ದಿನ ಕೆಲಸ ನಿಲ್ಲುತ್ತದೆ, ಆದ್ದರಿಂದ ಇಬ್ಬರನ್ನು ಆರಿಸಿ.